ಮಿತಾಕ್ಷರೆಯಿಂದ ಮೃತ್ಯುಪತ್ರದವರೆಗೆ

ಕಲ್ಯಾಣವೆಂದೊಡನೆ ಭಕ್ತಜನರ ಮನಸ್ಸಿನಲ್ಲಿ ಮೂಡುವುದು ಬಸವಾದಿ ಪ್ರಮಥರ ಅನುಭವ ಮಂಟಪ. ಅದು ಸಹಜವೇ ಆಗಿದೆ. ಆದರೆ ಶರಣರ ಪಾದಸ್ಪರ್ಶದಿಂದ ಆ ಪಟ್ಟಣವು ಪಾವನವಾಗುವುದಕ್ಕೆ ಕೆಲವು ದಶಕಗಳ ಮುನ್ನವೇ ಅಲ್ಲಿ ಇನ್ನೊಂದು ದೊಡ್ಡ ಗ್ರಂಥಕಾರ್ಯವು ನಡೆದಿತ್ತು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಆಳಿಕೆಯಲ್ಲಿ ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಗ್ರಂಥದ ಕೊನೆಯಲ್ಲಿ ಆತನು ಕಲ್ಯಾಣದಂಥ ನಗರವನ್ನೂ ವಿಕ್ರಮನಂಥ ಅರಸನನ್ನೂ ಕೊಂಡಾಡಿದ್ದಾನೆ. ಮಿತವಾದ ಅಕ್ಷರಗಳಲ್ಲಿ ಬರೆದುದೆಂದು ಹೆಸರಿಟ್ಟ ಈ ವ್ಯಾಖ್ಯಾನವು ಬಂಗಾಳ ಮೊದಲಾದ ಕೆಲವು ಪ್ರದೇಶಗಳನ್ನುಳಿದು ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಹೊಲಮನೆಗಳ ಹಂಚಿಕೆಗೆ ಒಂಬತ್ತು ಶತಮಾನಗಳ ಕಾಲ ಆಧಾರವಾಗಿ ನಿಂತಿತು. ಕನ್ನಡ ನಾಡಿನ ರಾಜಧಾನಿಯೊಂದರಲ್ಲಿ ಹುಟ್ಟಿದ ಗ್ರಂಥವು ಇಷ್ಟು ವಿಸ್ತಾರವಾದ ಭೂಭಾಗದ ಗೃಹಜೀವನವನ್ನು ಆಳಿತೆಂಬುದು ನಮಗೆ ಹೆಮ್ಮೆಯ ಸಂಗತಿ.

ಹೆಮ್ಮೆಯೊಂದೇ ಸಾಲದು. ಆ ಗ್ರಂಥವು ನಿಜವಾಗಿ ಏನು ಹೇಳಿತು, ಅನಂತರದವರು ಅದನ್ನು ಹೇಗೆ ಅರ್ಥಮಾಡಿದರು, ಇಂದಿನ ಗೃಹಸ್ಥನು ತನ್ನ ಆಸ್ತಿಯ ವ್ಯವಸ್ಥೆಯನ್ನು ಮಾಡುವಾಗ ಈ ಚರಿತ್ರೆಯಿಂದ ಏನನ್ನು ತಿಳಿಯಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಚರ್ಚೆಯು ಹರಡಿಹೋಗದಿರಲೆಂದು ಒಂದೇ ಎಳೆಯನ್ನು ಹಿಡಿದು ಹೊರಡೋಣ. ತಾಯಿ ತೀರಿಕೊಂಡ ಒಂದು ಮನೆ. ತಂದೆ, ಒಬ್ಬ ಮಗ, ಮದುವೆಯಾಗದ ಒಬ್ಬ ಮಗಳು. ಆಸ್ತಿಯೆಲ್ಲ ಪಿತ್ರಾರ್ಜಿತವಾದುದು. ತಂದೆಯ ಕಾಲಾನಂತರ ಆ ಮಗಳಿಗೆ ಎಷ್ಟು ಪಾಲು? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ನಮ್ಮ ದಾಯವಿಭಾಗದ ಚರಿತ್ರೆಯ ಸಾರವೆನ್ನಬಹುದು.

ವಿಜ್ಞಾನೇಶ್ವರನ ದಾಯವಿಚಾರ

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಅಧ್ಯಾಯಗಳಿವೆ. ದಾಯವಿಭಾಗವು ವ್ಯವಹಾರಾಧ್ಯಾಯಕ್ಕೆ ಸೇರಿದುದು. ಈ ಪ್ರಕರಣದ ಮೊದಲಲ್ಲಿಯೇ ವಿಜ್ಞಾನೇಶ್ವರನು ಒಂದು ಮೂಲಭೂತವಾದ ಪ್ರಶ್ನೆಯನ್ನು ಎತ್ತುತ್ತಾನೆ. ‘ಇದು ನನ್ನದು’ ಎಂಬ ಸ್ವತ್ವವು ಶಾಸ್ತ್ರದಿಂದ ತಿಳಿಯತಕ್ಕದ್ದೋ, ಲೋಕವ್ಯವಹಾರದಿಂದ ತಿಳಿಯತಕ್ಕದ್ದೋ? ಪೂರ್ವಪಕ್ಷಗಳನ್ನೆಲ್ಲ ಪರಿಶೀಲಿಸಿ ಆತನು ಕೊಡುವ ಸಿದ್ಧಾಂತವೆಂದರೆ, ಸ್ವತ್ವವು ಲೌಕಿಕವಾದುದು ಎಂಬುದು. ಶಾಸ್ತ್ರದ ಪರಿಚಯವೇ ಇಲ್ಲದ ಜನರಲ್ಲಿಯೂ ಕೊಳ್ಳುವುದು ಮಾರುವುದು ನಡೆಯುತ್ತದೆಯಾದುದರಿಂದ ಒಡೆತನವೆಂಬುದು ಲೋಕದ ಮಾತು ಎಂದು ಆತನ ವಾದ. ಲೋಕದಲ್ಲಿ ಹುಟ್ಟಿದ್ದನ್ನು ಲೋಕವು ತಿದ್ದಿಕೊಳ್ಳಬಹುದೆಂಬ ಅರ್ಥಕ್ಕೆ ಈ ಸಿದ್ಧಾಂತದಲ್ಲಿ ಎಡೆಯಿದೆಯೆಂದು ನಮಗೆ ತೋರುತ್ತದೆ.

ಆತನ ಎರಡನೆಯ ಸಿದ್ಧಾಂತವು ಜನ್ಮಸ್ವತ್ವ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ತಂದೆಯ ಮರಣದವರೆಗೆ ಅದು ಕಾಯುವುದಿಲ್ಲ. ಇಂತಹ ದಾಯವನ್ನು ‘ಅಪ್ರತಿಬಂಧ’ವೆಂದೂ, ಒಡೆಯನು ಮಕ್ಕಳಿಲ್ಲದೆ ತೀರಿದ ಮೇಲೆ ಅಣ್ಣತಮ್ಮಂದಿರು ಮೊದಲಾದವರಿಗೆ ಬರುವ ದಾಯವನ್ನು ‘ಸಪ್ರತಿಬಂಧ’ವೆಂದೂ ಆತನು ವಿಭಾಗಿಸುತ್ತಾನೆ. ಜನ್ಮಸ್ವತ್ವದ ಫಲವಾಗಿ ತಂದೆಯು ಮನೆಯ ಹಿರಿಯನೇ ಹೊರತು ಸ್ಥಿರಾಸ್ತಿಯ ಸ್ವಚ್ಛಂದ ಒಡೆಯನಲ್ಲ. ಈಗಿರುವವರಿಗೆ ಮಾತ್ರವಲ್ಲ, ಗರ್ಭದಲ್ಲಿರುವವರಿಗೂ ಇನ್ನು ಮುಂದೆ ಹುಟ್ಟುವವರಿಗೂ ಆ ನೆಲವೇ ಜೀವನಾಧಾರ. ಆದುದರಿಂದ ಆಪತ್ಕಾಲ, ಕುಟುಂಬದ ನಿರ್ವಾಹ, ಧರ್ಮಕಾರ್ಯ ಈ ಮೂರರ ಹೊರತು ಅದನ್ನು ಪರಾಧೀನ ಮಾಡಕೂಡದೆಂಬುದು ಮಿತಾಕ್ಷರೆಯ ಮತ. ಬಂಗಾಳದಲ್ಲಿ ಜೀಮೂತವಾಹನನ ‘ದಾಯಭಾಗ’ವು ಇದಕ್ಕೆ ವಿರುದ್ಧವಾಗಿ ತಂದೆಯ ಸ್ವತ್ವವು ಅಳಿದ ಬಳಿಕವೇ ಮಗನ ಸ್ವತ್ವವು ಹುಟ್ಟುತ್ತದೆಂದು ಹೇಳಿತು.

ಇನ್ನು ಸ್ತ್ರೀಯರ ವಿಷಯ. ವಿಜ್ಞಾನೇಶ್ವರನು ಹೆಣ್ಣುಮಕ್ಕಳಿಗೆ ಜನ್ಮಸ್ವತ್ವವನ್ನು ಒಪ್ಪಲಿಲ್ಲ, ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ತನ್ನ ಕಾಲದ ಮಿತಿಯೊಳಗೆ ಆತನು ಎಷ್ಟು ದೂರ ಹೋದನೆಂಬುದನ್ನು ಗಮನಿಸಬೇಕು. ಅಣ್ಣತಮ್ಮಂದಿರು ಭಾಗವಾಗುವಾಗ ಮದುವೆಯಾಗದ ತಂಗಿಗೆ ನಾಲ್ಕನೆಯ ಒಂದು ಅಂಶವನ್ನು ಕೊಡಬೇಕೆಂದು ಸ್ಮೃತಿಯಲ್ಲಿದೆ. ಭಾರುಚಿ ಮೊದಲಾದವರು ಇದು ಮದುವೆಯ ಖರ್ಚಿಗೆ ಮಾತ್ರ ಎಂದು ಅರ್ಥಮಾಡಿದ್ದರು. ವಿಜ್ಞಾನೇಶ್ವರನು ಆ ಮತವನ್ನು ತಳ್ಳಿಹಾಕಿ, ಇದು ಪಾಲೇ ಹೊರತು ಬರಿಯ ವಿವಾಹವೆಚ್ಚವಲ್ಲವೆಂದು ನಿರ್ಣಯಿಸಿದನು. ಲೆಕ್ಕವನ್ನೂ ಬಿಡಿಸಿ ತೋರಿಸಿದನು. ಒಬ್ಬ ಮಗ, ಒಬ್ಬ ಮಗಳಿದ್ದರೆ ಆಸ್ತಿಯನ್ನು ಎರಡಾಗಿ ಮಾಡಿ, ಅದರಲ್ಲಿ ಒಂದು ಭಾಗವನ್ನು ನಾಲ್ಕಾಗಿ ಒಡೆದು, ಆ ನಾಲ್ಕರಲ್ಲಿ ಒಂದನ್ನು ಮಗಳಿಗೆ ಕೊಟ್ಟು ಉಳಿದುದನ್ನು ಮಗನು ತೆಗೆದುಕೊಳ್ಳತಕ್ಕದ್ದು. ಅಂದರೆ ನಮ್ಮ ಪ್ರಶ್ನೆಗೆ ಕಲ್ಯಾಣದ ಉತ್ತರ: ಎಂಟರಲ್ಲಿ ಒಂದು ಪಾಲು.

ಗಂಡುಮಕ್ಕಳಿಲ್ಲದೆ ತೀರಿದ ವಿಭಕ್ತ ಪುರುಷನ ಆಸ್ತಿಗೆ ಪತ್ನಿಯೇ ಮೊದಲ ಅಧಿಕಾರಿಣಿಯೆಂದೂ, ಅವಳ ತರುವಾಯ ಹೆಣ್ಣುಮಕ್ಕಳೆಂದೂ ಮಿತಾಕ್ಷರೆಯು ಸ್ಥಾಪಿಸಿತು. ಇದರ ಬೆಲೆಯನ್ನು ಅರಿಯಬೇಕಾದರೆ ಕಾಳಿದಾಸನ ಶಾಕುಂತಲದ ಆರನೆಯ ಅಂಕವನ್ನು ನೆನೆಯಬೇಕು. ಅಲ್ಲಿ ಧನಮಿತ್ರನೆಂಬ ಸಾಗರವರ್ತಕನು ನೌಕಾಘಾತದಲ್ಲಿ ಮಡಿಯುತ್ತಾನೆ. ಸಂತಾನವಿಲ್ಲವಾದುದರಿಂದ ಅವನ ಧನವು ಅರಸನಿಗೆ ಸೇರತಕ್ಕದ್ದೆಂದು ಅಮಾತ್ಯನು ಬರೆದು ತಿಳಿಸುತ್ತಾನೆ. ಹಲವು ಹೆಂಡಿರಲ್ಲಿ ಒಬ್ಬಳಾದರೂ ಗರ್ಭಿಣಿಯೇ ಎಂದು ದುಷ್ಯಂತನು ವಿಚಾರಿಸಿದುದರಿಂದಷ್ಟೇ ಆ ಆಸ್ತಿಯು ಉಳಿಯುತ್ತದೆ. ವಿಧವೆಗೆ ತಾನಾಗಿಯೇ ಹಕ್ಕಿಲ್ಲದ ಲೋಕವದು. ಅಂತಹ ಸ್ಥಿತಿಯಿಂದ ಪತ್ನಿಯೇ ಮೊದಲ ಹಕ್ಕುದಾರಳೆಂಬ ನಿರ್ಣಯದವರೆಗಿನ ಹಾದಿಯು ಚಿಕ್ಕದೇನಲ್ಲ. ಸ್ತ್ರೀಧನದ ವಿಷಯದಲ್ಲಿಯೂ ಅಷ್ಟೆ. ಸ್ಮೃತಿಯಲ್ಲಿ ಬಂದ ‘ಆದ್ಯ’ ಎಂಬ ಪದವನ್ನು ಆಧಾರವಾಗಿ ಹಿಡಿದು, ಸ್ತ್ರೀಯು ದಾಯವಾಗಿ ಪಡೆದುದು, ಕೊಂಡುದು, ಭಾಗದಲ್ಲಿ ಬಂದುದು ಎಲ್ಲವೂ ಸ್ತ್ರೀಧನವೇ ಎಂದು ಆತನು ಅರ್ಥವನ್ನು ವಿಸ್ತರಿಸಿದನು.

ಮಠಗಳ ಸಂಪ್ರದಾಯವನ್ನು ಬಲ್ಲ ನಮ್ಮ ಓದುಗರಿಗೆ ಇನ್ನೊಂದು ಮಾತು ಆಸಕ್ತಿಕರವಾಗಬಹುದು. ಸಂಸಾರವನ್ನು ತ್ಯಜಿಸಿದವನ ವಸ್ತುಗಳು ರಕ್ತಸಂಬಂಧಿಗಳಿಗೆ ಹೋಗತಕ್ಕವಲ್ಲ. ನೈಷ್ಠಿಕ ಬ್ರಹ್ಮಚಾರಿಯದು ಆಚಾರ್ಯನಿಗೆ, ಯತಿಯದು ಸಚ್ಛಿಷ್ಯನಿಗೆ ಸೇರತಕ್ಕದ್ದೆಂದು ಇದೇ ಪ್ರಕರಣದಲ್ಲಿ ವಿವರಿಸಲಾಗಿದೆ. ಗುರುಶಿಷ್ಯ ಸಂಬಂಧವೂ ದಾಯಕ್ಕೆ ಕಾರಣವಾಗಬಲ್ಲದೆಂಬುದನ್ನು ಧರ್ಮಶಾಸ್ತ್ರವು ಹೀಗೆ ಮನ್ನಿಸಿತ್ತು.

ನ್ಯಾಯಾಲಯಗಳ ಕಾಲ

1772ರಲ್ಲಿ ವಾರನ್ ಹೇಸ್ಟಿಂಗ್ಸನು ರೂಪಿಸಿದ ಯೋಜನೆಯಂತೆ ದಾಯ, ವಿವಾಹ ಮೊದಲಾದ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರದಂತೆಯೇ ತೀರ್ಪು ಕೊಡಬೇಕೆಂದು ಕಂಪನಿ ಸರಕಾರವು ಗೊತ್ತುಮಾಡಿತು. ಇಂಗ್ಲಿಷ್ ನ್ಯಾಯಾಧೀಶರಿಗೆ ಸಂಸ್ಕೃತ ಬಾರದು. 1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯಪ್ರಕರಣವನ್ನೂ ಜೀಮೂತವಾಹನನ ದಾಯಭಾಗವನ್ನೂ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದನು. ಅಂದಿನಿಂದ ಪಂಡಿತರ ಚರ್ಚೆಯಲ್ಲಿ ಬೆಳೆಯುತ್ತಿದ್ದ ಶಾಸ್ತ್ರವು ಅಚ್ಚಾದ ಪುಸ್ತಕದಲ್ಲಿ ಹೆಪ್ಪುಗಟ್ಟಿತು.

ಹೆಪ್ಪುಗಟ್ಟಿದ್ದು ಮಾತ್ರವಲ್ಲ, ಸ್ತ್ರೀಯರ ಪಾಲಿಗೆ ಅದು ಕುಗ್ಗಿತು ಕೂಡ. ತಂಗಿಯ ನಾಲ್ಕನೆಯ ಅಂಶವು ನ್ಯಾಯಾಲಯಗಳಲ್ಲಿ ಮದುವೆಯ ಖರ್ಚಾಗಿ ಇಳಿಯಿತು. ಯಾವ ಮತವನ್ನು ವಿಜ್ಞಾನೇಶ್ವರನು ಖಂಡಿಸಿದ್ದನೋ ಅದೇ ಗೆದ್ದಂತಾಯಿತು. ಸ್ತ್ರೀಧನಕ್ಕೆ ಆತನು ಕೊಟ್ಟ ವಿಶಾಲವಾದ ಅರ್ಥವನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ವಿಧವೆಗೆ ದಾಯವಾಗಿ ಬಂದ ಆಸ್ತಿಯು ಅವಳ ಜೀವಿತಾವಧಿಯ ಅನುಭೋಗಕ್ಕೆ ಮಾತ್ರವೆಂದಾಯಿತು. ಆದ್ದರಿಂದ ನಮ್ಮ ಪ್ರಶ್ನೆಗೆ ಈ ಕಾಲದ ಉತ್ತರ: ಮಗಳಿಗೆ ಪಾಲಿಲ್ಲ, ಅನ್ನವಸ್ತ್ರ ಮತ್ತು ಮದುವೆಯ ವೆಚ್ಚ ಮಾತ್ರ.

ಮೃತ್ಯುಪತ್ರವು ಬಳಕೆಗೆ ಬಂದುದೂ ಇದೇ ಕಾಲದಲ್ಲಿ. ತನ್ನ ಮರಣಾನಂತರ ಆಸ್ತಿಯು ಇಂಥವರಿಗೆ ಸೇರಲೆಂದು ಬರೆದಿಡುವ ಪದ್ಧತಿಗೆ ಪ್ರಾಚೀನ ಧರ್ಮಶಾಸ್ತ್ರದಲ್ಲಿ ಒಂದು ಹೆಸರೂ ಇರಲಿಲ್ಲ. ಮೃತ್ಯುಪತ್ರ, ಮರಣಶಾಸನ ಎಂಬುವು ಅನಂತರ ಕಲ್ಪಿಸಿಕೊಂಡ ಶಬ್ದಗಳು. ‘ಉಯಿಲು’ ಎಂಬ ರೂಢಿಯ ಮಾತು ಇಂಗ್ಲಿಷಿನ ‘ವಿಲ್’ ಎಂಬುದರಿಂದ ಬಂದುದು. ಜನ್ಮಸ್ವತ್ವವಿರುವ ಅವಿಭಕ್ತ ಕುಟುಂಬದಲ್ಲಿ ಇದಕ್ಕೆ ಅವಕಾಶವೂ ಇರಲಿಲ್ಲ. ಸಹಭಾಗಿಯೊಬ್ಬನು ತೀರಿಕೊಂಡ ಕ್ಷಣದಲ್ಲಿಯೇ ಅವನ ಅಂಶವು ಉಳಿದವರಲ್ಲಿ ಲೀನವಾಗುವಾಗ ಅವನು ಬರೆದಿಡುವುದಾದರೂ ಏನನ್ನು? ಆದುದರಿಂದ ಸ್ವಯಾರ್ಜಿತ ಆಸ್ತಿಗೂ ಭಾಗವಾಗಿ ಬಂದ ಒಂಟಿ ಆಸ್ತಿಗೂ ಮಾತ್ರ ಉಯಿಲು ಸಲ್ಲುತ್ತಿತ್ತು. 1870ರ ಹಿಂದೂ ವಿಲ್‌ಗಳ ಕಾಯಿದೆಯು ಮೊದಲು ಬಂಗಾಳಕ್ಕೂ ಮದರಾಸು ಮುಂಬಯಿ ನಗರಗಳಿಗೂ ಅನ್ವಯಿಸಿತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಇಂದಿಗೂ ಉಯಿಲಿನ ವಿಧಿಗಳನ್ನು ಗೊತ್ತುಪಡಿಸುತ್ತದೆ.

ಈ ಹೊಸ ಸಾಧನವನ್ನು ಸತ್ಕಾರ್ಯಕ್ಕೆ ಬಳಸಬಹುದೆಂಬುದಕ್ಕೆ ನಮ್ಮ ಸಮಾಜದಲ್ಲಿಯೇ ಉಜ್ವಲವಾದ ಉದಾಹರಣೆಯಿದೆ. ದತ್ತಕದ ಮೂಲಕ ಸಂಸ್ಥಾನದ ಒಡೆತನಕ್ಕೆ ಬಂದ ತ್ಯಾಗವೀರ ಶಿರಸಂಗಿ ಲಿಂಗರಾಜ ದೇಸಾಯಿಯವರು (1861-1906) ತಮ್ಮ ಸಂಪತ್ತನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರೂ ಅವರೇ. ಅವರ ವಿಶ್ವಸ್ತ ನಿಧಿಯ ವಿದ್ಯಾರ್ಥಿವೇತನದಿಂದ ಓದಿದವರು ಅನೇಕರು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ದಾಸೋಹಭಾವವು ಕಾಗದದ ಮೇಲಿನ ನಾಲ್ಕು ಸಾಲುಗಳಾಗಿ ಇಳಿದರೆ ಎಷ್ಟು ತಲೆಮಾರುಗಳಿಗೆ ನೆರಳಾಗಬಲ್ಲದೆಂಬುದನ್ನು ಇಲ್ಲಿ ಕಾಣುತ್ತೇವೆ.

ಕುಗ್ಗಿದ ಹಕ್ಕು ಮರಳಿ ಅರಳಿದ ಬಗೆ

ಇಪ್ಪತ್ತನೆಯ ಶತಮಾನದಲ್ಲಿ ಈ ಸ್ಥಿತಿಯನ್ನು ತಿದ್ದುವ ಕಾರ್ಯಕ್ಕೆ ಮುಂದಾದ ಸಂಸ್ಥಾನಗಳಲ್ಲಿ ಮೈಸೂರಿಗೆ ಗೌರವದ ಸ್ಥಾನವಿದೆ. 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಕುಟುಂಬವು ಭಾಗವಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳು ಇವರಿಗೆ ಪಾಲನ್ನು ನಿಗದಿಮಾಡಿತು. ಮದುವೆಯಾಗದ ಮಗಳಿಗೆ ಸೋದರನ ಪಾಲಿನ ನಾಲ್ಕನೆಯ ಒಂದಂಶವೆಂದು ಹೇಳಿದಾಗ ಕಲ್ಯಾಣದ ಪಂಡಿತನ ಮಾತೇ ಎಂಟು ಶತಮಾನಗಳ ಅನಂತರ ಕಾಯಿದೆಯಾಗಿ ಎದ್ದುಬಂದಂತಾಯಿತು. ಬ್ರಿಟಿಷ್ ಭಾರತದಲ್ಲಿ 1937ರ ಕಾಯಿದೆಯು ವಿಧವೆಗೆ ಗಂಡನ ಅಂಶದಲ್ಲಿ ಸೀಮಿತವಾದ ಹಕ್ಕನ್ನು ಕೊಟ್ಟಿತಾದರೂ ಮಗಳನ್ನು ಹೊರಗೇ ಇಟ್ಟಿತು. ಅಂದು ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ, ಮೈಸೂರಿನ ಮಗಳಿಗಿದ್ದ ಹಕ್ಕು ಧಾರವಾಡದ ಮಗಳಿಗಿರಲಿಲ್ಲ.

1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯು ದೇಶಕ್ಕೆಲ್ಲ ಒಂದು ನಿಯಮವನ್ನು ತಂದಿತು. ತಾನು ಯಾರಿಗೆ ಅನ್ವಯಿಸುತ್ತದೆಂದು ಹೇಳುವಾಗ ಅದು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಸೇರಿಸಿಕೊಂಡಿದೆ. ಸ್ತ್ರೀಯ ಸೀಮಿತ ಅನುಭೋಗವನ್ನು ಅದರ 14ನೆಯ ಕಲಮು ಪೂರ್ಣ ಒಡೆತನವನ್ನಾಗಿ ಮಾಡಿತು. ವಿಜ್ಞಾನೇಶ್ವರನು ‘ಆದ್ಯ’ ಪದದಲ್ಲಿ ಕಂಡ ಅರ್ಥವೇ ಇಲ್ಲಿ ಕೈಗೂಡಿತೆನ್ನಬೇಕು. ತಂದೆಯ ಸ್ವಯಾರ್ಜಿತದಲ್ಲಿ ಉಯಿಲಿಲ್ಲದಿದ್ದರೆ ಮಗನಿಗೂ ಮಗಳಿಗೂ ಸಮಪಾಲು ಬಂದಿತು. ಪಿತ್ರಾರ್ಜಿತದಲ್ಲಿ ಮಾತ್ರ ಜನ್ಮಸ್ವತ್ವವು ಮಗನಿಗೇ ಉಳಿಯಿತು. ನಮ್ಮ ಉದಾಹರಣೆಯಲ್ಲಿ ಮೊದಲು ಅರ್ಧವನ್ನು ಮಗನು ಹುಟ್ಟಿನ ಹಕ್ಕಿನಿಂದ ಪಡೆಯುತ್ತಾನೆ. ತಂದೆಯ ಉಳಿದ ಅರ್ಧವು ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ. ಮಗಳ ಪಾಲು: ನಾಲ್ಕರಲ್ಲಿ ಒಂದು.

ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಮಗಳನ್ನೂ ಹುಟ್ಟಿನಿಂದಲೇ ಸಹಭಾಗಿಯೆಂದು ಸಾರಿತು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರಿಗೆ ಅದು ಅನ್ವಯಿಸಲಿಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯ ಭೇದವನ್ನು ಅಳಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನ್ಯಾಯವಾಗಿ ನಡೆದ ವಿಭಾಗಗಳನ್ನು ಮಾತ್ರ ಅದು ಕದಲಿಸಲಿಲ್ಲ. ತಿದ್ದುಪಡಿಯ ದಿನ ತಂದೆಯು ಬದುಕಿರಬೇಕೇ ಎಂಬ ಸಂದೇಹವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಹರಿಸಿತು. ಹಕ್ಕು ಹುಟ್ಟಿನಿಂದ ಬರತಕ್ಕದ್ದಾದುದರಿಂದ ತಂದೆಯು ಅಂದು ಬದುಕಿರಬೇಕಾಗಿಲ್ಲವೆಂದು ತೀರ್ಪಾಯಿತು. ಮಿತಾಕ್ಷರೆಯ ಜನ್ಮಸ್ವತ್ವವು ಈಗ ಮಗನ ಸೊತ್ತಾಗಿ ಉಳಿಯದೆ ಮಕ್ಕಳೆಲ್ಲರ ಹಕ್ಕಾಯಿತು. ನಮ್ಮ ಪ್ರಶ್ನೆಗೆ ಇಂದಿನ ಉತ್ತರ: ಎರಡರಲ್ಲಿ ಒಂದು ಪಾಲು.

ಎಂಟರಲ್ಲಿ ಒಂದು, ಬಳಿಕ ಏನೂ ಇಲ್ಲ, ಬಳಿಕ ನಾಲ್ಕರಲ್ಲಿ ಒಂದು, ಈಗ ಅರ್ಧ. ಒಂಬತ್ತು ಶತಮಾನಗಳ ಚರಿತ್ರೆಯು ಈ ನಾಲ್ಕು ಉತ್ತರಗಳಲ್ಲಿ ಅಡಗಿದೆ.

ಗೃಹಸ್ಥನ ಹೊಣೆ

ಕಾಯಿದೆಯು ಕೊಟ್ಟುದನ್ನು ಮನೆಯೊಳಗಿನ ವ್ಯವಹಾರವು ಕಸಿದುಕೊಳ್ಳುವ ಸಂಭವ ಇಂದು ಎರಡು ದಾರಿಗಳಿಂದ ಇದೆ. ಮೊದಲನೆಯದು ಹಕ್ಕುಬಿಡುಗಡೆ ಪತ್ರ. ತಂದೆಯು ತೀರಿದ ಮೇಲೆ ಖಾತೆ ಬದಲಾವಣೆಗೆಂದು ಅಕ್ಕತಂಗಿಯರನ್ನು ಕರೆತಂದು, ಸೀರೆ ಕುಪ್ಪಸವನ್ನಿತ್ತು, ಅರಿಸಿನ ಕುಂಕುಮಕ್ಕೆಂದು ಅಷ್ಟಿಷ್ಟು ಹಣವನ್ನು ಕೈಗಿಟ್ಟು ಸಹಿ ಹಾಕಿಸಿಕೊಳ್ಳುವ ದೃಶ್ಯವನ್ನು ಕಾಣದವರು ವಿರಳ. ಮನಃಪೂರ್ವಕವಾಗಿ ಬಿಟ್ಟುಕೊಡುವುದು ದೊಡ್ಡ ಗುಣ, ಅದನ್ನು ಅಲ್ಲಗಳೆಯಲಾಗದು. ಆದರೆ ತವರು ತಪ್ಪೀತೆಂಬ ಅಂಜಿಕೆಯಿಂದ ಹಾಕಿದ ಸಹಿಯನ್ನು ತ್ಯಾಗವೆನ್ನುವುದು ಆತ್ಮವಂಚನೆ.

ಎರಡನೆಯದು ಮೃತ್ಯುಪತ್ರವೇ. 1956ರ ಕಾಯಿದೆಯ 30ನೆಯ ಕಲಮಿನಂತೆ ಅವಿಭಕ್ತ ಕುಟುಂಬದಲ್ಲಿಯೂ ಪ್ರತಿಯೊಬ್ಬನು ತನ್ನ ಅಂಶಕ್ಕೆ ಉಯಿಲು ಬರೆಯಬಹುದು. ನಮ್ಮ ಉದಾಹರಣೆಯ ಮನೆಯಲ್ಲಿ ಇಂದು ತಂದೆ, ಮಗ, ಮಗಳು ಮೂವರಿಗೂ ಮೂರರಲ್ಲಿ ಒಂದೊಂದು ಅಂಶ. ತಂದೆಯು ತನ್ನ ಅಂಶವನ್ನು ಮಗನಿಗೇ ಬರೆದಿಟ್ಟರೆ ಮಗಳಿಗೆ ಅರ್ಧದ ಬದಲು ಮೂರರಲ್ಲಿ ಒಂದು ಉಳಿಯುತ್ತದೆ. ಅವಳ ಹುಟ್ಟಿನ ಅಂಶವನ್ನು ಮಾತ್ರ ಯಾವ ತಂದೆಯೂ ಉಯಿಲಿನಿಂದ ತೆಗೆದುಹಾಕಲಾರನು. ಮುಪ್ಪಿನಲ್ಲಿ ಸೇವೆಮಾಡಿದ ಮಗನಿಗೆ, ಅಂಗವಿಕಲಳಾದ ಮಗಳಿಗೆ, ಒಂಟಿಯಾದ ಸೊಸೆಗೆ ಹೆಚ್ಚು ಕೊಡಲು ನ್ಯಾಯವಾದ ಕಾರಣಗಳಿರಬಹುದು. ಹೆಣ್ಣೆಂಬುದೊಂದೇ ಕಾರಣಕ್ಕೆ ಕಡಮೆ ಕೊಡುವುದು ಅಂತಹ ಕಾರಣವಲ್ಲ.

ಇಷ್ಟೆಲ್ಲ ಇದ್ದರೂ ಬರೆಯದೆ ಹೋಗುವುದಕ್ಕಿಂತ ಬರೆದಿಡುವುದು ಮೇಲು. ಸಾವಿನ ಮಾತನ್ನು ಎತ್ತಬಾರದೆಂಬ ಸಂಕೋಚದಿಂದ ಹಿರಿಯರು ಸುಮ್ಮನಿದ್ದು, ಅವರ ತರುವಾಯ ಒಡಹುಟ್ಟಿದವರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ತುಳಿದ ಮನೆಗಳು ಊರೂರಿಗೂ ಇವೆ. ಉಯಿಲಿಗೆ ಛಾಪಾ ಕಾಗದ ಬೇಕಾಗಿಲ್ಲ. ಬಿಳಿಯ ಕಾಗದದ ಮೇಲೆ ಬರೆದರೂ ಸಲ್ಲುತ್ತದೆ. ಬರೆಯುವವರು ಪ್ರಾಪ್ತವಯಸ್ಕರೂ ಸ್ವಸ್ಥಚಿತ್ತರೂ ಆಗಿರಬೇಕು. ಅವರು ಸಹಿ ಅಥವಾ ಹೆಬ್ಬೆಟ್ಟು ಹಾಕಿದುದನ್ನು ಕಂಡ, ಇಲ್ಲವೆ ಹಾಕಿದೆನೆಂದು ಅವರಿಂದಲೇ ಕೇಳಿದ ಇಬ್ಬರು ಸಾಕ್ಷಿಗಳು ಅವರೆದುರಿನಲ್ಲಿಯೇ ಸಹಿ ಮಾಡಬೇಕು. ಆಸ್ತಿಯನ್ನು ಪಡೆಯತಕ್ಕವರು ಸಾಕ್ಷಿಗಳಾಗದಿರುವುದು ಒಳ್ಳೆಯದು. ನೋಂದಣಿಯು ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದಿನ ಸಂಶಯಗಳು ಕಡಮೆಯಾಗುತ್ತವೆ. ಬದುಕಿರುವಷ್ಟು ಕಾಲ ಅದನ್ನು ಎಷ್ಟು ಸಲವಾದರೂ ಬದಲಾಯಿಸಬಹುದು. ಕೊನೆಯದಾಗಿ ಬರೆದುದೇ ನಿಲ್ಲುತ್ತದೆ.

ಬ್ಯಾಂಕಿನ ಠೇವಣಿಗೆ ನಾಮನಿರ್ದೇಶನ ಮಾಡಿದರೆ ಆ ಹಣ ಅವರದೇ ಆಯಿತೆಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ನಾಮನಿರ್ದೇಶಿತನು ಹಣವನ್ನು ಬ್ಯಾಂಕಿನಿಂದ ಪಡೆಯುವವನು ಮಾತ್ರ. ಒಡೆತನವು ಉಯಿಲಿನಂತೆ, ಉಯಿಲಿಲ್ಲದಿದ್ದರೆ ಉತ್ತರಾಧಿಕಾರದಂತೆ ನಿರ್ಣಯವಾಗುತ್ತದೆ. ಇನ್ನು ಕೆಲವರು ಮಕ್ಕಳ ಮೇಲಿನ ಮಮತೆಯಿಂದ ಬದುಕಿರುವಾಗಲೇ ಮನೆಯನ್ನು ದಾನಪತ್ರದಿಂದ ಕೊಟ್ಟು ಆಮೇಲೆ ನಿರ್ಗತಿಕರಾಗುತ್ತಾರೆ. ನೋಡಿಕೊಳ್ಳಬೇಕೆಂಬ ಷರತ್ತಿನೊಡನೆ ಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದರೆ ರದ್ದುಪಡಿಸಿಕೊಳ್ಳಲು 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಲ್ಲಿ ದಾರಿಯಿದೆ. ಆದುದರಿಂದ ದಾನಪತ್ರವನ್ನು ಬರೆಸುವವರು ಆ ಷರತ್ತನ್ನು ಸ್ಪಷ್ಟವಾಗಿ ಬರೆಸತಕ್ಕದ್ದು.

ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಒಡೆತನವು ಲೋಕದ್ದೆಂದು ಸಾಧಿಸಿದನು. ಬಿಜ್ಜಳನ ಕಾಲದ ಅದೇ ಕಲ್ಯಾಣದಲ್ಲಿ ಶರಣರು, ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂದೂ, ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದೂ ಸಾರಿದರು. ಇವರು ಒಂದೇ ಮಾರ್ಗದವರಲ್ಲ. ಶಾಸ್ತ್ರವನ್ನು ಕುರಿತು ಅವರ ನಿಲುವುಗಳೂ ಬೇರೆ. ಆದರೂ ಇಂದಿನ ಗೃಹಸ್ಥನು ತನ್ನ ಹೊಲಮನೆಗಳ ವ್ಯವಸ್ಥೆಯನ್ನು ಬರೆಯಲು ಕುಳಿತಾಗ ಇಬ್ಬರ ಮಾತನ್ನೂ ನೆನೆಯಬೇಕಾಗುತ್ತದೆ. ಆಸ್ತಿಯು ತನ್ನ ಕೈಯಲ್ಲಿ ಕೆಲವು ಕಾಲ ಇರುವ ಲೋಕದ ಸೊತ್ತು. ಅದನ್ನು ಮುಂದಿನವರಿಗೆ ದಾಟಿಸುವಾಗ ಮಗಳ ಕಣ್ಣನ್ನು ನೇರವಾಗಿ ನೋಡಿ ಓದಿ ಹೇಳಬಲ್ಲಂಥ ಬರವಣಿಗೆಯಾದರೆ ಆ ಮೃತ್ಯುಪತ್ರವು ನ್ಯಾಯವಾದುದು. ಹಾಗೆ ಓದಲು ಅಳುಕಾಗುವುದಾದರೆ ಅದನ್ನು ಹರಿದು ಮತ್ತೊಮ್ಮೆ ಬರೆಯುವುದೇ ಲೇಸು. ಬದುಕಿರುವವರೆಗೆ ಅದಕ್ಕೆ ಅವಕಾಶವಿದೆ.